625 ಸೆಲ್ ಇಲ್ಲದೆ ಕ್ಯಾನನ್ 814ರ ಮೀಟರ್ ಎಬ್ಬಿಸಿದ್ದು: ನನ್ನ ಅನುಭವ

"ಆ ಸೆಲ್ ಸಿಗೂದಿಲ್ರಿ, ಸುಮ್ನೆ ಶೋಕೇಸಿನ್ಯಾಗ ಇಟ್ಟುಬಿಡ್ರಿ." ಬೆಳಗಾವಿಯಲ್ಲಿ ಹಳೇ ಕ್ಯಾಮೆರಾ ಬಗ್ಗೆ ಗೊತ್ತಿರುವ ನಾಲ್ಕೈದು ಜನರ ಹತ್ತಿರ ಕೇಳಿದಾಗ ಎಲ್ಲರೂ ಹೇಳಿದ್ದು ಇದೇ ಮಾತು. ಆ ಸೆಲ್ ಅಂದ್ರೆ 625, ಬೆಳಕು ಅಳೆಯುವ ಮೀಟರಿಗೆ ಹಾಕುವ ಪಾದರಸದ ಗುಂಡಿ ಸೆಲ್, ಅದರ ತಯಾರಿಕೆ ನಿಂತುಹೋಗಿದೆ. ಈಗ ಅವರಲ್ಲೇ ಇಬ್ಬರು ತಮ್ಮ ಕ್ಯಾಮೆರಾ ಹಿಡಿದುಕೊಂಡು ನನ್ನ ಮನೆಗೆ ಬಂದು ಹೋಗಿದ್ದಾರೆ. ಹಾಗಾಗಿ ಹೇಗೆ ಮಾಡಿದೆ ಅಂತ ಒಮ್ಮೆ ಬರೆದು ಬಿಡೋಣ ಅನ್ನಿಸಿತು.

ಕ್ಯಾಮೆರಾ ಕ್ಯಾನನ್ ಆಟೋ ಝೂಮ್ 814, ಸೂಪರ್ 8 (8 ಮಿ.ಮೀ. ಅಗಲದ) ಫಿಲ್ಮ್ ಓಡಿಸುವ ಮೂವಿ ಕ್ಯಾಮೆರಾ, 1967ರ ಮಾಡೆಲ್. 7.5ರಿಂದ 60 ಮಿ.ಮೀ. ಲೆನ್ಸ್, ಎಫ್ 1.4. ಮುಚ್ಚಿಹೋದ ಒಂದು ಸ್ಟುಡಿಯೋದ ಸಾಮಾನಿನ ಜೊತೆ 6,000 ರೂಪಾಯಿ ಚಿಲ್ಲರೆಗೆ ಬಂತು. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಮೋಟರ್ ಜೋರಾಗಿ ಓಡಿತು. ಮೀಟರ್ ಮುಳ್ಳು ಮಾತ್ರ ಅಲುಗಲಿಲ್ಲ. ಮೀಟರಿನ ಗೂಡು ತೆಗೆದು ನೋಡಿದರೆ ಒಳಗೆ ಎರಡು ಹಳೇ 625 ಸೆಲ್ ಹಾಗೇ ಕೂತಿದ್ದವು, ಸುತ್ತ ಬಿಳಿ ಹಸಿರು ಕಿಲುಬು. ಕಿವಿ ಕಡ್ಡಿಗೆ ವಿನೆಗರ್ ಹಚ್ಚಿ ತಿಕ್ಕಿದೆ, ಅದು ಕ್ಷಾರದ ಕಿಲುಬು, ಬೇಗ ಕರಗುತ್ತೆ. ಆದರೆ ಸ್ಪ್ರಿಂಗ್ ಕೆಳಗಿನ ವೈರ್ ಒಳಗೊಳಗೇ ಕೊಳೆತಿತ್ತು. ಮುಟ್ಟಿದರೆ ಪುಡಿ. ಮೀಟರ್ ಸತ್ತಿದೆ ಅಂತ ಹೇಳುವ ಮೊದಲು ಆ ವೈರ್ ನೋಡಿ ಮಾರಾಯ್ರೆ, ಅರ್ಧ ಕೇಸು ಅಲ್ಲೇ ಬಗೆಹರಿಯುತ್ತೆ. ತೆಗೆದ ಪಾದರಸದ ಸೆಲ್ ಕಸದ ಗಾಡಿಗೆ ಹಾಕಬೇಡಿ, ಬೆಂಕಿಗಂತೂ ಹಾಕಲೇಬೇಡಿ. ನಾನು ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದು ಇಟ್ಟಿದ್ದೇನೆ.

625 ಯಾಕೆ ಬೇಕು? ಮೀಟರಿನ ಲೆಕ್ಕವೆಲ್ಲ ಅದರ ವೋಲ್ಟಿನ ಮೇಲೆ ನಿಂತಿದೆ. 1.35 ವೋಲ್ಟ್, ಸಾಯುವವರೆಗೂ ಅಷ್ಟೇ. ಪಾದರಸದ ಸೆಲ್ ಮಾರಬಾರದು ಅಂತ ಅಮೆರಿಕದಲ್ಲಿ 1996ರ ಕಾನೂನು ಬಂತು, ಯುರೋಪಿನವರೂ ನಿಲ್ಲಿಸಿದರು, ಕಥೆ ಮುಗೀತು.

ಮೊದಲು ಎಲ್ಲರಂತೆ ಅಲ್ಕಲೈನ್ 625 ತಂದೆ, ಎರಡಕ್ಕೆ 250 ರೂಪಾಯಿ ಇರಬಹುದು. ಹೊಸದರಲ್ಲಿ ಒಂದೊಂದು 1.55 ವೋಲ್ಟ್ ತೋರಿಸುತ್ತೆ, ಎರಡೂ ಸೇರಿ 3.1. ಕ್ಯಾಮೆರಾ ಕೇಳುವುದು 2.7. ಮೀಟರ್ ಬೆಳಕು ಜಾಸ್ತಿ ಇದೆ ಅಂದುಕೊಂಡು ಐರಿಸ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಮುಚ್ಚುತ್ತೆ, ಫಿಲ್ಮಿಗೆ ಬೆಳಕು ಸಾಲಲ್ಲ. ಆಗ ಟ್ರೈ-ಎಕ್ಸ್ ರಿವರ್ಸಲ್ (ತೊಳೆದರೆ ನೆಗೆಟಿವ್ ಅಲ್ಲದೆ ನೇರ ಚಿತ್ರವೇ ಬರುವ ಕಪ್ಪು ಬಿಳುಪು ಫಿಲ್ಮ್) ಕಾರ್ಟ್ರಿಜ್ ಒಂದು ಕೈಗೆ ಬರುವಷ್ಟರಲ್ಲಿ 4,500 ರೂಪಾಯಿ ದಾಟುತ್ತಿತ್ತು. 50 ಅಡಿ, 18 ಫ್ರೇಮಿನಲ್ಲಿ ಮೂರು ನಿಮಿಷ ಇಪ್ಪತ್ತು ಸೆಕೆಂಡ್, ಅಷ್ಟೇ. ಡೆವಲಪಿಂಗ್ ಮನೆಯಲ್ಲೇ ಮಾಡುತ್ತೇನೆ, ಫಿಲ್ಮ್ ತೊಳೆಯುವ ರಷ್ಯನ್ ಟ್ಯಾಂಕ್ ಇದೆ. ಆ ರೋಲ್ ಪೂರ್ತಿ ಕಪ್ಪಗೆ ಬಂತು, ಕೋಟೆ ಕೆರೆಯ ನೀರು ಡಾಂಬರಿನ ಹಾಗೆ ಕಾಣಿಸಿತು. ನೆಗೆಟಿವ್ ಆಗಿದ್ದರೆ ಸ್ಕ್ಯಾನಿಂಗ್‌ನಲ್ಲಿ ಎಳೆದುಕೊಳ್ಳಬಹುದಿತ್ತು, ರಿವರ್ಸಲ್ ಅರ್ಧ ಸ್ಟಾಪನ್ನೂ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು ಇಲ್ಲವೇ ಅರ್ಧ) ಕ್ಷಮಿಸಲ್ಲ. ಅದೇ ಸೆಲ್ ಕೆಲವು ತಿಂಗಳಿಗೆ ಇಳಿಯುತ್ತಾ ಬಂದು ಒಂದು ಹಂತದಲ್ಲಿ ಸರಿಯಾಗಿ ತೋರಿಸಿ ಆಮೇಲೆ ಉಲ್ಟಾ ಹೊಡೆಯಿತು. ಯಾವ ದಿನ ಯಾವ ಕಡೆ ತಪ್ಪುತ್ತೆ ಅಂತ ಹೇಳೋಕೆ ಆಗದ ಮೀಟರಿಗಿಂತ ಮೀಟರ್ ಇಲ್ಲದಿರೋದೇ ವಾಸಿ.

ಸ್ಟಿಲ್ ಕ್ಯಾಮೆರಾದವರು ಎಎಸ್‌ಎ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) ಸ್ವಲ್ಪ ತಿರುಗಿಸಿಕೊಂಡು ಈ ತಪ್ಪು ಸರಿದೂಗಿಸಿಕೊಳ್ಳಿ ಅಂದರು. ಎಲ್ಲಿ ತಿರುಗಿಸಲಿ? ಸೂಪರ್ 8ರಲ್ಲಿ ಕಾರ್ಟ್ರಿಜ್ ಮೇಲಿನ ಕಚ್ಚು ನೋಡಿ ಕ್ಯಾಮೆರಾನೇ ಎಎಸ್‌ಎ ಹಿಡಿದುಕೊಳ್ಳುತ್ತೆ ಅಲ್ವಾ.

ಮುಂಬೈಯ ಒಬ್ಬ ವ್ಯಾಪಾರಿ ಹಳೇ ಸ್ಟಾಕಿನ ಅಸಲಿ ಪಾದರಸದ ಸೆಲ್ ಇದೆ ಅಂತ ಹೇಳಿ ಎರಡಕ್ಕೆ 1,800 ಕಿತ್ತುಕೊಂಡ. ಒಂದು ಸತ್ತೇ ಬಂದಿತ್ತು. ಇನ್ನೊಂದು ಮಲ್ಟಿಮೀಟರಿಗೆ 1.35 ಅಂತ ಛಲೋ ತೋರಿಸಿತು, ಸ್ವಲ್ಪ ಲೋಡ್ ಕೊಟ್ಟರೆ ಕುಸಿಯಿತು. ಹಣ ವಾಪಸ್ ಕೇಳಿದ್ದಕ್ಕೆ ಫೋನ್ ಎತ್ತುವುದನ್ನೇ ಬಿಟ್ಟ.

ಆಮೇಲೆ ಕಿವಿ ಯಂತ್ರದ 675 ಝಿಂಕ್ ಏರ್. ಇದು ಬಹಳ ಜನರಿಗೆ ಒಗ್ಗಿದೆ, ನಾನೂ ಬೈಯಲ್ಲ. ಆರು ಸೆಲ್ಲಿನ ಪಟ್ಟಿಗೆ ಆಗ 250 ರೂಪಾಯಿ ಆಸುಪಾಸು, ವೋಲ್ಟ್ 1.4, ಹತ್ತಿರ ಹತ್ತಿರ ಸರಿ. ಸ್ಟಿಕ್ಕರ್ ಕಿತ್ತು ಐದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ತೊಂದರೆ ಏನಂದ್ರೆ ಸ್ಟಿಕ್ಕರ್ ಕಿತ್ತ ದಿನದಿಂದಲೇ ಅದರ ಆಯುಷ್ಯ ಶುರು, ಶೂಟಿಂಗ್ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಗಾಳಿಗೆ ತೂತು ಇರುವುದರಿಂದ ಹವೆಯ ತೇವ ಒಳಗೆ ಹೋಗುತ್ತೆ, ಒಣ ಹವೆಯಲ್ಲಿ ಒಳಗಿನ ತೇವ ಹೊರಗೆ ಹೋಗುತ್ತೆ. ಬೆಳಗಾವಿಯ ಜುಲೈ ಮಳೆ ನಿಮಗೆ ಗೊತ್ತು, ಗೋಡೆಯೂ ಬೆವರುತ್ತೆ. ಆ ಸೆಲ್ ತಿಂಗಳೊಳಗೆ ಸತ್ತಿತು. ಬೇಸಿಗೆಯಲ್ಲಿ ಅದೇ ಪಟ್ಟಿಯ ಸೆಲ್ ಹಾಕಿಕೊಂಡು ವಿಜಯಪುರಕ್ಕೆ ಹೋದೆ, ಗೋಳಗುಮ್ಮಟದ ಮುಂದೆ ನಿಂತಾಗ ಮುಳ್ಳು ಸೋಮಾರಿಯಾಗಿತ್ತು. ವರ್ಷಕ್ಕೆ ನಾಲ್ಕು ರೋಲ್ ಓಡಿಸುವವನಿಗೆ ಇದು ಒಗ್ಗಲ್ಲ.

ಉಳಿದಿದ್ದು ಸಿಲ್ವರ್ ಆಕ್ಸೈಡ್, ಎಸ್‌ಆರ್44. 1.55 ವೋಲ್ಟ್, ಕೊನೆಯವರೆಗೂ ಹೆಚ್ಚು ಕಡಿಮೆ ಅಷ್ಟೇ ನಿಲ್ಲುತ್ತೆ. ವೋಲ್ಟ್ ಜಾಸ್ತಿ, ಆದರೆ ಯಾವತ್ತೂ ಒಂದೇ ಜಾಸ್ತಿ. ಅಂದ್ರೆ ಆ ಜಾಸ್ತಿ ವೋಲ್ಟನ್ನು ಕತ್ತರಿಸಬಹುದು. ಇಲ್ಲಿ ಒಂದು ಎಚ್ಚರಿಕೆ: ಅಂಗಡಿಯಲ್ಲಿ ಎಸ್‌ಆರ್44 ಕೇಳಿದರೆ ಎಲ್‌ಆರ್44 ಕೊಟ್ಟು "ಎರಡೂ ಒಂದೇರಿ" ಅಂತಾರೆ. ಅಳತೆ ಒಂದೇ, ಒಳಗಿರುವುದು ಅಲ್ಕಲೈನ್. 15 ರೂಪಾಯಿಗೆ ಸಿಲ್ವರ್ ಸೆಲ್ ಯಾರೂ ಕೊಡಲ್ಲ. ನಾನು ತಂದಿದ್ದು ಒಂದಕ್ಕೆ 120 ಬಿತ್ತು.

ಎರಡು ಸಿಲ್ವರ್ ಸೇರಿ 3.1, ಬೇಕಾಗಿದ್ದು 2.7, ಕತ್ತರಿಸಬೇಕಾದ್ದು 0.4 ವೋಲ್ಟ್. ಎಲ್ಲರೂ ಡಯೋಡ್ (ಕರೆಂಟನ್ನು ಒಂದೇ ಕಡೆ ಬಿಟ್ಟು ಸ್ವಲ್ಪ ವೋಲ್ಟ್ ನುಂಗುವ ಸಣ್ಣ ಬಿಡಿಭಾಗ) ಹಾಕಿ ಅಂತಾರೆ, ಯಾವ ಡಯೋಡ್ ಅಂತ ಕೇಳಿದರೆ ಡೇಟಾಶೀಟ್ ತೋರಿಸುತ್ತಾರೆ. ಡೇಟಾಶೀಟಿನ ಅಂಕಿ ಬಹುಪಾಲು ಮಿಲಿ ಆಂಪಿಯರಿನಲ್ಲಿ ಇರುತ್ತೆ. ಈ ಮೀಟರ್ ಕುಡಿಯುವುದು ಮೈಕ್ರೋ ಆಂಪಿಯರ್. ನನ್ನ ಕ್ಯಾಮೆರಾದಲ್ಲಿ ಮನೆಯೊಳಗೆ 100ರ ಒಳಗೆ ಇತ್ತು, ಬಿಸಿಲಿಗೆ ತಿರುಗಿಸಿದರೆ ಮೂರ್ನಾಲ್ಕು ಪಟ್ಟು. ಕರೆಂಟ್ ಏರಿದಂತೆ ಡಯೋಡ್ ನುಂಗುವ ವೋಲ್ಟ್ ಕೂಡ ಏರುತ್ತೆ. ಹಾಗಾಗಿ ಕ್ಯಾಮೆರಾದ ಒಳಗೇ, ನೀವು ಶೂಟ್ ಮಾಡುವ ಬೆಳಕಿನಲ್ಲೇ ಅಳೆಯಬೇಕು. ಟೇಬಲ್ ಮೇಲೆ ಅಳೆದು ಬರೆದಿಟ್ಟುಕೊಂಡ ಲೆಕ್ಕಕ್ಕೆ ಕವಡೆ ಕಿಮ್ಮತ್ತಿಲ್ಲ.

ನಾನು ಮಾಡಿದ್ದು ಇಷ್ಟು. ಮರದ ಗುಂಡು ಬಿಲ್ಲೆಗಳಿಂದ ನಕಲಿ ಸೆಲ್ ಮಾಡಿ, ಎರಡು ವೈರ್ ಹೊರಗೆ ತಂದು, ಬೆಂಚ್ ಪವರ್ ಸಪ್ಲೈನಿಂದ ಸರಿಯಾಗಿ 2.70 ಕೊಟ್ಟೆ. ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು ಬಿಳಿ ಗೋಡೆಗೆ ತಿರುಗಿಸಿ ಮುಳ್ಳು ಎಲ್ಲಿ ನಿಲ್ಲುತ್ತೆ ಅಂತ ಬರೆದುಕೊಂಡೆ. ಮಂದ ಬೆಳಕು, ಕಿಟಕಿ ಬೆಳಕು, ತಾರಸಿಯ ಬಿಸಿಲು, ಮೂರಕ್ಕೂ. ಅದೇ ನನ್ನ ಅಳತೆಗೋಲು. ಸಪ್ಲೈ 3.1ಕ್ಕೆ ಏರಿಸಿದರೆ ಎಫ್ 5.6ರಲ್ಲಿದ್ದ ಮುಳ್ಳು ಹೆಚ್ಚು ಕಡಿಮೆ 7ಕ್ಕೆ ಹೋಯಿತು. ಮೂರನೇ ಎರಡು ಸ್ಟಾಪ್ ಅಂತ ಇಟ್ಟುಕೊಳ್ಳಿ. ಆ ಕಪ್ಪು ರೋಲಿನ ಕಾರಣ ಕಣ್ಣಿಗೇ ಕಂಡಿತು.

ಮೊದಲು 1ಎನ್4148 ಅನ್ನುವ ಮಾಮೂಲಿ ಸಿಲಿಕಾನ್ ಡಯೋಡ್ ಒಂದನ್ನು ಹಾಕಿದೆ, ಮನೆಯಲ್ಲಿ ಡಬ್ಬಿ ತುಂಬ ಇದ್ದವು. ಸಂಜೆ ಬೆಳಕಿಗೆ ಪರವಾಗಿಲ್ಲ, ಬಿಸಿಲಿಗೆ ಜಾಸ್ತಿ ನುಂಗಿ ಐರಿಸ್ ತೆರೆಯಿತು. ಆಮೇಲೆ ಹಳೇ ಟ್ರಾನ್ಸಿಸ್ಟರ್ ರೇಡಿಯೋದಿಂದ ಕಿತ್ತ ಓಎ79 ಜರ್ಮೇನಿಯಂ ಡಯೋಡ್. ಮನೆಯೊಳಗೆ ಅದ್ಭುತ! ಖುಷಿಯಿಂದ ಹೆಂಡತಿಗೆ ಕರೆದು ತೋರಿಸಿದೆ. ಹೇರ್ ಡ್ರೈಯರ್ ಬಿಸಿ ಗಾಳಿ ಹಿಡಿದಾಗ ಮುಳ್ಳು ಜಾರತೊಡಗಿತು. ಏಪ್ರಿಲ್‌ನಲ್ಲಿ ಬಾಗಲಕೋಟೆ ಕಡೆ ಹೋಗುವವನು ಜರ್ಮೇನಿಯಂ ನಂಬಿಕೊಂಡು ಹೋದರೆ ಆಗಲ್ಲ.

ಕೊನೆಗೆ ಶಾಟ್ಕಿ ಜಾತಿಯ ಡಯೋಡ್, ಬಿಎಟಿ85. ಒಂದು 8 ರೂಪಾಯಿ, ಕೊರಿಯರ್ 90. ಒಂದೊಂದು 0.2 ಚಿಲ್ಲರೆ ನುಂಗುತ್ತೆ, ಎರಡನ್ನು ಸಾಲಾಗಿ ಹಾಕಿದರೆ ಮಂದ ಬೆಳಕಿಗೂ ಬಿಸಿಲಿಗೂ 0.4ರ ಸುತ್ತಮುತ್ತಲೇ ಇರುತ್ತೆ. ಮುಳ್ಳು ಮೂರೂ ಬೆಳಕಿನಲ್ಲಿ ನನ್ನ ಗುರುತಿನ ಮೇಲೆ ಬಂದು ಕೂತಿತು. ಹೇರ್ ಡ್ರೈಯರ್ ಹಿಡಿದರೆ ಸ್ವಲ್ಪ ಅಲುಗಿತು, ಫಿಲ್ಮಿನಲ್ಲಿ ಕಾಣುವಷ್ಟಲ್ಲ. ಹತ್ತು ತರಿಸಿ ಅದರಲ್ಲಿ ಜೋಡಿ ಆರಿಸಿದೆ. ಹೇಗೆ ಆರಿಸುತ್ತೇನೆ ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಇನ್ನು ಕೂರಿಸುವುದು. 625 ಸೆಲ್ 15.6 ಮಿ.ಮೀ. ಅಗಲ, 6 ಮಿ.ಮೀ. ಚಿಲ್ಲರೆ ಎತ್ತರ. ಎಸ್‌ಆರ್44 ಅಂದ್ರೆ 11.6 ಅಗಲ, 5.4 ಎತ್ತರ. ಸುತ್ತಲೂ 2 ಮಿ.ಮೀ. ಖಾಲಿ ಉಳಿಯುತ್ತೆ. ಬಿಎಟಿ85ರ ಗಾಜಿನ ಮೈ 1.6 ದಪ್ಪ, 3 ಉದ್ದ. ಅಂದ್ರೆ ಡಯೋಡ್ ಆ ಸಂದಿಯಲ್ಲೇ ಮಲಗುತ್ತೆ! ಇದು ಹೊಳೆದ ದಿನ ಎರಡು ಪ್ಲೇಟ್ ಕುಂದಾ ತಿಂದೆ. ಉದ್ಯಮಬಾಗಿನ ಒಂದು ಲೇತ್ ಶಾಪಿನಲ್ಲಿ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ತುಂಡಿನಿಂದ ಎರಡು ಉಂಗುರ ತಿರುವಿಸಿದೆ. ಹೈಡ್ರಾಲಿಕ್ ಪಾರ್ಟ್ ಮಾಡುವವರು, ಕೂದಲೆಳೆಯಷ್ಟು ನಿಖರ ಬೇಕು ಅಂದರೂ ಮಾಡಿಕೊಡುತ್ತಾರೆ. ಮೊದಲು "ಇದೇನು ಮೂಗುತಿ ಏನ್ರಿ" ಅಂತ ನಕ್ಕರು, ಆಮೇಲೆ ಎರಡಕ್ಕೆ 150 ತಗೊಂಡರು. ಒಂದು ಉಂಗುರದಲ್ಲಿ ಸಣ್ಣ ಅರದಿಂದ ಎರಡು ತೋಡು ಕೊರೆದು ಡಯೋಡ್ ಕೂರಿಸಿದೆ. ಎರಡು ಸೆಲ್ ನಡುವೆ 0.8 ಮಿ.ಮೀ. ದಪ್ಪದ, ಎರಡೂ ಮೈಗೆ ತಾಮ್ರ ಇರುವ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಬಿಲ್ಲೆ. ಮೇಲಿನ ತಾಮ್ರಕ್ಕೆ ಡಯೋಡ್ ಜೋಡಿಯ ಒಂದು ಕಾಲು, ಕೆಳಗಿನದಕ್ಕೆ ಇನ್ನೊಂದು. ಉಳಿದ ಎತ್ತರ ತಳದಲ್ಲಿ ಹಿತ್ತಾಳೆ ತಗಡಿನಿಂದ ತುಂಬಿತು. ಬಿಲ್ಲೆಯ ಅಂಚು ಗೂಡಿನ ಗೋಡೆಗೆ ತಾಗಿದರೆ ಎಲ್ಲ ಶಾರ್ಟ್, ಅಂಚಿನ ತಾಮ್ರವನ್ನು ಅರ್ಧ ಮಿ.ಮೀ. ಕೆರೆದು ತೆಗೆಯಿರಿ. ಡಯೋಡ್ ಪಟ್ಟಿ (ಕರೆಂಟ್ ಹೊರಬರುವ ತುದಿಯ ಗುರುತು) ಯಾವ ಕಡೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಪರೀಕ್ಷೆಗೆ ಬಾದಾಮಿ. ಬೆಳಗಾವಿಯಲ್ಲೇ ಮಾಡಬಹುದಿತ್ತು, ಆದರೆ ಕೆಂಪು ಕಲ್ಲು, ಅಗಸ್ತ್ಯ ತೀರ್ಥದ ನೀರು, ಗುಹೆಯೊಳಗಿನ ಕತ್ತಲೆ, ಮೂರೂ ಒಂದೇ ಜಾಗದಲ್ಲಿ ಇನ್ನೆಲ್ಲಿ ಸಿಗುತ್ತೆ? ಟ್ರೈ-ಎಕ್ಸ್ ಈಗ 200 ಎಎಸ್‌ಎ, 18 ಫ್ರೇಮಿನಲ್ಲಿ ಶಟರ್ ಸುಮಾರು 1/40 ಸೆಕೆಂಡ್. ಮಧ್ಯಾಹ್ನದ ಬಿಸಿಲಿಗೆ ಐರಿಸ್ ಪೂರ್ತಿ ಮುಚ್ಚಿದರೂ ಸಾಲಲ್ಲ, ಎನ್‌ಡಿ8 ಅನ್ನುವ, ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ ಫಿಲ್ಟರ್ ಹಾಕಲೇಬೇಕು. ಮೀಟರ್ ಲೆನ್ಸಿನ ಹಿಂದೆ ಇರುವುದರಿಂದ ಫಿಲ್ಟರಿನ ಲೆಕ್ಕ ಅದೇ ಹಿಡಿಯುತ್ತೆ. ಕೈ ಮೀಟರಿಗೂ ಇದಕ್ಕೂ ಎಲ್ಲ ಕಡೆ ಮೂರನೇ ಒಂದು ಸ್ಟಾಪ್ ವ್ಯತ್ಯಾಸ ಬಂತು, ಅದು ವ್ಯೂಫೈಂಡರಿಗೆ ಹೋಗುವ ಬೆಳಕಿನ ಪಾಲು. ಮೂರನೇ ಗುಹೆಯ ವರಾಂಡದಲ್ಲಿ ಕಂಬದಿಂದ ಹೊರಗಿನ ಬಂಡೆಗೆ ನಿಧಾನ ಪ್ಯಾನ್ ಮಾಡಿದೆ, ಮುಳ್ಳು ಹಿಂದೆಯೇ ಓಡಿ ಬಂತು. ಮನೆಗೆ ಬಂದು ತೊಳೆದರೆ ಕಂಬದ ಕೆತ್ತನೆಯೂ ಇದೆ, ಹೊರಗಿನ ಆಕಾಶವೂ ಇದೆ. ಶೋಕೇಸ್ ಸಲಹೆ ಕೊಟ್ಟವರನ್ನು ಕರೆದು ಚಹಾ ಕೊಟ್ಟು ಗೋಡೆಯ ಮೇಲೆ ಓಡಿಸಿ ತೋರಿಸಿದೆ. ಎರಡು ಸಲ ಓಡಿಸಿದೆ.

ನಡುವೆ ಬೇರೆ ಆಟಗಳೂ ನಡೆದವು. ಎರಡು ನಿಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲನ್ನು ಹೊರಗೆ ಡಬ್ಬಿಯಲ್ಲಿಟ್ಟು ವೈರ್ ಎಳೆದರೆ, ಚಾರ್ಜ್ ಆದ ಹೊಸತರಲ್ಲಿ 2.7ರ ಹತ್ತಿರ ಇರುತ್ತೆ, ಡಯೋಡ್ ಬೇಡ. ಒಂದು ದಿನದ ಶೂಟಿಂಗಿಗೆ ಸಾಕು, ಆಮೇಲೆ 2.5ಕ್ಕೆ ಇಳಿಯುತ್ತೆ, ಜೊತೆಗೆ ವೈರ್ ಜೋತಾಡುತ್ತೆ. ಸಿಆರ್1/3ಎನ್ ಲಿಥಿಯಂ ಸೆಲ್ ಅಳತೆಯಲ್ಲಿ ಎರಡು ಎಸ್‌ಆರ್44 ಜೋಡಿಸಿದಷ್ಟೇ, ಆಸೆ ಆಯಿತು. ಹೊಸದು 3.2 ತೋರಿಸುತ್ತೆ, ಬಳಸುತ್ತಾ 3ಕ್ಕೆ ಬರುತ್ತೆ. ಆ ಓಲಾಟ ನನಗೆ ಬೇಡ.

ನೈಜೋ ಎಸ್ 80 ಅನ್ನುವ ಇನ್ನೊಂದು ಸೂಪರ್ 8 ಕ್ಯಾಮೆರಾ ಬಂದಿತ್ತು, ಅದಕ್ಕೂ ಎರಡು 625 ಬೇಕು. ಅದರ ಮೀಟರ್ ಕುಡಿಯುವ ಕರೆಂಟ್ ಬೇರೆ, ಹಾಗಾಗಿ ಡಯೋಡ್ ಜೋಡಿಯೂ ಬೇರೆ ಬಂತು. 814ರ ಲೆಕ್ಕವನ್ನು ಕಣ್ಣು ಮುಚ್ಚಿ ಅದಕ್ಕೆ ಹಾಕಬೇಡಿ. ಇನ್ನೊಂದು, ಬ್ಯಾಟರಿ ಚೆಕ್ ಬಟನ್ ಒತ್ತಿದರೆ ಡಯೋಡ್ ಇರುವಾಗ ಮುಳ್ಳು ಗುರುತಿನಿಂದ ಸ್ವಲ್ಪ ಕೆಳಗೇ ನಿಲ್ಲುತ್ತೆ, ಆಗ ಮೀಟರ್ ಎಳೆಯುವ ಕರೆಂಟ್ ಜಾಸ್ತಿ. ಸೆಲ್ ವೀಕ್ ಅಂತ ಹೊಸದು ತರಲು ಓಡಬೇಡಿ.

ಕೆಲಸಕ್ಕೆ ತಗುಲಿದ್ದು ಸೆಲ್, ಡಯೋಡ್, ಉಂಗುರ, ಕೊರಿಯರ್ ಎಲ್ಲ ಸೇರಿ 600ರ ಆಸುಪಾಸು. ಹೊರದೇಶದ ರೆಡಿ ಅಡಾಪ್ಟರ್ ಎರಡು ತರಿಸಿದ್ದರೆ 6,000 ಆಗುತ್ತಿತ್ತು. ದಾರಿಯಲ್ಲಿ ಹಾಳಾದ ಫಿಲ್ಮು, ಮುಂಬೈಯ ಆ 1,800, ಅದನ್ನೆಲ್ಲ ಕೂಡಿಸಿದರೆ ಬೇರೆ ಲೆಕ್ಕ, ಅದನ್ನು ಮನೆಯಲ್ಲಿ ಹೇಳಿಲ್ಲ. ಯಾರಿಗಾದರೂ ಬೇಕಿದ್ದರೆ 900ಕ್ಕೆ ಮಾಡಿಕೊಡುತ್ತೇನೆ, ಆದರೆ ಕ್ಯಾಮೆರಾ ತರಲೇಬೇಕು. ಬರೀ ಉಂಗುರ ಕಳಿಸಿ ಅಂದರೆ ಕಳಿಸಲ್ಲ.