ಟೆನ್ಷನ್ ಅಳೆಯುವುದು ಹೇಗೆ? ಸೂಜಿ ಚುಚ್ಚುವವಳ ಸಲಹೆ

ಆತಂಕ ಇದೆಯೋ ಇಲ್ಲವೋ ಅಂತ ಹೇಳಿಬಿಡುವ ರಕ್ತ ಪರೀಕ್ಷೆ ಯಾವುದೂ ಇಲ್ಲ. ಕೊಡಗಿನ ಗೋಣಿಕೊಪ್ಪದ ಲ್ಯಾಬಿನಲ್ಲಿ ದಿನಾ ಬೆಳಿಗ್ಗೆ ರಕ್ತ ತೆಗೆಯುವ ನಾನೇ ಇದನ್ನು ಹೇಳುತ್ತಿದ್ದೇನೆ. ಕಾಫಿ ರೇಟು ಬಿದ್ದಾಗ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟಾಗ "ಅಕ್ಕ, ಟೆನ್ಷನ್ ಟೆಸ್ಟ್ ಒಂದು ಮಾಡಿಬಿಡಿ" ಅಂತ ಬರುವವರು ಜಾಸ್ತಿ. ದುಡ್ಡು ಬಿಚ್ಚುವ ಮುಂಚೆ ಮನೆಯಲ್ಲೇ ನೋಡಿಕೊಳ್ಳುವುದು ಬೇಕಾದಷ್ಟಿದೆ.

ನಾಡಿಯಿಂದ ಶುರು ಮಾಡಿ. ಬೆಳಿಗ್ಗೆ ಎಚ್ಚರವಾದ ಮೇಲೆ ಹಾಸಿಗೆಯಲ್ಲೇ ಇರಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳಿನಿಂದ ಒತ್ತಬೇಡಿ, ಅದರದ್ದೇ ಬಡಿತ ಸಿಕ್ಕಿ ಲೆಕ್ಕ ತಪ್ಪುತ್ತದೆ. ಪೂರ್ತಿ 60 ಸೆಕೆಂಡ್ ಎಣಿಸಿ. ದೊಡ್ಡವರಿಗೆ 60ರಿಂದ 100ರವರೆಗೆ ಸಾಮಾನ್ಯ. ಆದರೆ ಮುಖ್ಯವಾದದ್ದು ನಿಮ್ಮ ಮಾಮೂಲಿ ಲೆಕ್ಕ. ಯಾವಾಗಲೂ 68 ಇರುತ್ತಿದ್ದದ್ದು ಎರಡು ವಾರದಿಂದ 84ರಲ್ಲೇ ಕೂತಿದ್ದರೆ ಏನೋ ಇದೆ. ಜ್ವರ, ನಿದ್ದೆಗೇಡು, ರಕ್ತ ಕಡಿಮೆ, ಥೈರಾಯ್ಡ್, ಟೆನ್ಷನ್, ಯಾವುದೂ ಇರಬಹುದು. ಗೋಡೆ ಕ್ಯಾಲೆಂಡರಿನ ಚೌಕದಲ್ಲೇ ಬರೆದಿಡಿ. ಪಕ್ಕದಲ್ಲಿ ಒಂದು ಮಾತು ಇರಲಿ: "ರಾತ್ರಿ ಆನೆ ಕಾವಲು", "ಬ್ಯಾಂಕಿಗೆ ಹೋಗಿದ್ದೆ". ಡಾಕ್ಟರಿಗೆ ಬರೀ ಅಂಕಿಗಿಂತ ಆ ಮಾತೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇದೆಲ್ಲ ಕಾಫಿಗೆ ಮುಂಚೆ ಆಗಬೇಕು. ನಮ್ಮ ಕಡೆ ಬೆಳೆಯುವುದು ಹೆಚ್ಚಾಗಿ ರೊಬಸ್ಟಾ. ಅದರಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಕುಡಿದು ಐದು ಗಂಟೆಯಾದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಸಂಜೆ ಬೆಲ್ಲದ ಕಾಫಿ ಎರಡು ಲೋಟ ಏರಿಸಿ, ರಾತ್ರಿ ಎದೆ ಹೊಡೆದುಕೊಳ್ಳುತ್ತದೆ ಅಂದರೆ ನಾನೇನು ಹೇಳಲಿ?

ಬಿಪಿ ನೋಡುವಾಗ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ನೆ ಕೂರಿ. ಮೂತ್ರ ಕಟ್ಟಿಕೊಂಡು ಕೂರಬೇಡಿ. ಮಾತು ಬೇಡ. ತೋಳು ಎದೆಯ ಮಟ್ಟಕ್ಕಿರಲಿ. ಮಳೆಗಾಲದಲ್ಲಿ ನಮ್ಮವರು ಸ್ವೆಟರ್ ಮೇಲೆಯೇ ಪಟ್ಟಿ ಸುತ್ತಿಸಿಕೊಳ್ಳುತ್ತಾರೆ, ಇಲ್ಲಾ ಸ್ವೆಟರಿನ ತೋಳನ್ನು ಬಿಗಿಯಾಗಿ ಮೇಲಕ್ಕೆ ಮಡಚುತ್ತಾರೆ. ಎರಡೂ ತಪ್ಪು. ಸ್ವೆಟರ್ ಬಿಚ್ಚಿ. ಆಸ್ಪತ್ರೆಯಲ್ಲಿ ಮಾತ್ರ ಏರುವ ಬಿಪಿ ಅಂತಲೂ ಒಂದಿದೆ. ಅದಕ್ಕೇ ಮನೆಯ ಲೆಕ್ಕ ಬೇಕು.

ಇನ್ನು ಕಾರ್ಟಿಸಾಲ್. ಎಲ್ಲರೂ ಕೇಳುವುದು ಇದನ್ನೇ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನ್ ಇದು, ಟೆನ್ಷನ್ ಆದಾಗ ಏರುವುದರಿಂದ ಜನ ಇದನ್ನೇ ಟೆನ್ಷನ್ ಟೆಸ್ಟ್ ಅಂದುಕೊಳ್ಳುತ್ತಾರೆ. ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಏರುತ್ತದೆ, ದಿನವಿಡೀ ಇಳಿಯುತ್ತಾ ನಡುರಾತ್ರಿ ಹೊತ್ತಿಗೆ ತಳ ಮುಟ್ಟುತ್ತದೆ. ಆದ್ದರಿಂದ ಟೈಮ್ ಬರೆಯದ ರಿಪೋರ್ಟಿಗೆ ಬೆಲೆಯಿಲ್ಲ. ಸಾಮಾನ್ಯವಾಗಿ ಬೆಳಿಗ್ಗೆ 8ರ ಸುಮಾರಿಗೆ ರಕ್ತ ತೆಗೆಯುತ್ತೇವೆ. ರಾತ್ರಿಯಿಡೀ ಗದ್ದೆ ಕಾದು ಬಂದವರ ಲೆಕ್ಕವೇ ಬೇರೆ, ಅವರು ಅದನ್ನು ಮೊದಲೇ ಹೇಳಬೇಕು. ಸೂಜಿಯ ಹೆದರಿಕೆಗೂ ಕಾರ್ಟಿಸಾಲ್ ಏರಬಹುದು. ಉಬ್ಬಸದ ಪಂಪ್, ಮಂಡಿ ನೋವಿಗೆ ಹಾಕಿಸಿಕೊಂಡ ಸ್ಟಿರಾಯ್ಡ್ ಇಂಜೆಕ್ಷನ್, ಚರ್ಮದ ಮುಲಾಮು, ಗರ್ಭನಿರೋಧಕ ಮಾತ್ರೆ, ಎಲ್ಲವೂ ಇದನ್ನು ಏರುಪೇರು ಮಾಡಬಲ್ಲವು. ಅಷ್ಟಕ್ಕೂ ಈ ಟೆಸ್ಟ್ ಇರುವುದು ಕುಶಿಂಗ್, ಅಡಿಸನ್ ತರಹದ ಗ್ರಂಥಿಯ ಕಾಯಿಲೆ ಹಿಡಿಯಲು. ವಿಪರೀತ ಆತಂಕ ಇರುವವರಲ್ಲೂ ಇದು ನಾರ್ಮಲ್ ಬರಬಹುದು. ಡಾಕ್ಟರ್ ಬರೆದುಕೊಡದೆ ಮಾಡಿಸಬೇಡಿ.

ಕೂದಲಿನಲ್ಲೂ ಕಾರ್ಟಿಸಾಲ್ ನೋಡುತ್ತಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದ ಮೂರು ಸೆಂಟಿಮೀಟರಿನಲ್ಲಿ ಮೂರು ತಿಂಗಳ ಕಥೆ ಇರುತ್ತದೆ. ಅದು ಸಂಶೋಧನೆಯವರಿಗೆ, ನಮಗಲ್ಲ. ಕೈಗಡಿಯಾರ ತೋರಿಸುವ ಸ್ಟ್ರೆಸ್ ಸ್ಕೋರನ್ನೂ ಅಷ್ಟು ತಲೆಗೆ ಹಚ್ಚಿಕೊಳ್ಳಬೇಡಿ. ಅದು ಬಡಿತದ ನಡುವಿನ ಅಂತರ ನೋಡಿ ಅಂದಾಜು ಮಾಡುತ್ತದೆ, ಅಷ್ಟೇ.

ಡಾಕ್ಟರನ್ನು ಕೇಳಿ ಮಾಡಿಸಬಹುದಾದ ಟೆಸ್ಟ್ ಮೂರು: ಥೈರಾಯ್ಡಿನ ಟಿಎಸ್‌ಎಚ್, ಹಿಮೋಗ್ಲೋಬಿನ್, ಶುಗರ್. ಥೈರಾಯ್ಡ್ ಜಾಸ್ತಿಯಾದರೆ ಕೈ ನಡುಕ, ಬೆವರು, ಎದೆ ಬಡಿತ ಎಲ್ಲವೂ ಥೇಟ್ ಗಾಬರಿಯ ಹಾಗೇ ಇರುತ್ತದೆ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ. ಅದು ಥೈರಾಯ್ಡ್ ರಿಪೋರ್ಟನ್ನು ಕೆಡಿಸಬಹುದು, ಎರಡು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಎದೆ ಹಿಂಡಿದ ಹಾಗೆ ನೋವು, ಜೊತೆಗೆ ಬೆವರು ಬಂದರೆ ಮಾತ್ರ ಲ್ಯಾಬಿಗೆ ಬರಬೇಡಿ. ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಆ ಮೂರೂ ಟೆಸ್ಟ್ ಸರಿ ಇದ್ದು ಚಡಪಡಿಕೆ ನಿಲ್ಲದಿದ್ದರೆ? ಆತಂಕ ಅಳೆಯಲು ಡಾಕ್ಟರುಗಳು ಬಳಸುವ ಜಿಎಡಿ-7 ಅನ್ನುವ ಏಳು ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಎರಡು ವಾರ ಹೇಗಿತ್ತು ಅಂತ ಕೇಳುತ್ತದೆ. 21 ಅಂಕಕ್ಕೆ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮನೋವೈದ್ಯರನ್ನು ಕಾಣುವುದು ಒಳ್ಳೆಯದು. ಮಡಿಕೇರಿಯವರೆಗೆ ಹೋಗಲು ಆಗದಿದ್ದರೆ, ಅಥವಾ ಯಾರಾದರೂ ನೋಡಿಯಾರು ಅಂತ ಮುಜುಗರವಾದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತದೆ. ಜೋರು ಮಳೆಗೆ ಕರೆಂಟಿನ ಜೊತೆ ಟವರೂ ಹೋಗುವ ಊರಿನವರು ಸಿಗ್ನಲ್ ಇದ್ದಾಗಲೇ ಮಾಡಿಬಿಡಿ.