ಮೂರೇ ಫ್ಯಾನ್, ಅದೂ ನಿಧಾನಕ್ಕೆ

"ಮುಂಬೈ ಸೆಕೆಯಲ್ಲಿ ಕಂಪ್ಯೂಟರ್ ಕ್ಯಾಬಿನೆಟ್ಟಿಗೆ ಮೂರೇ ಫ್ಯಾನಾ? ಮೇ ಬರಲಿ, ನೋಡೋಣ" ಅಂತ ನಕ್ಕವರೇ ಜಾಸ್ತಿ. ಮೇ ಬಂತು, ಹೋಯಿತು. ಡೊಂಬಿವಲಿಯ ನನ್ನ ಒಂದು ರೂಮಿನ ಮನೆಯಲ್ಲಿ ಮಗು ಮಲಗಿದ ಮೇಲೂ ಕಂಪ್ಯೂಟರಿನಲ್ಲಿ ರೆಂಡರ್ (ಚಿತ್ರ ಸಿದ್ಧಪಡಿಸುವ ಭಾರಿ ಕೆಲಸ) ಓಡುತ್ತದೆ. ಯಾರಿಗೂ ಎಚ್ಚರವಾಗಲ್ಲ.

ಮೊದಲು ಮುಂಬೈನ ಎಲೆಕ್ಟ್ರಾನಿಕ್ಸ್ ಬೀದಿ ಲ್ಯಾಮಿಂಗ್ಟನ್ ರೋಡಿನಿಂದ ಬಣ್ಣದ ಲೈಟಿನ ಆರು ಫ್ಯಾನ್‌ಗಳ ಸೆಟ್ ತಂದಿದ್ದೆ. ಎರಡೂವರೆ ಸಾವಿರದ ಹತ್ತಿರ ಹೋಯಿತು. ಡಬ್ಬದ ಮೇಲೆ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅನ್ನುವ ಅಂಕಿ) ಭರ್ಜರಿ. ಆದರೆ ಆ ಅಂಕಿ ಎದುರಿಗೆ ಏನೂ ಅಡ್ಡ ಇಲ್ಲದಾಗಿನದು. ಮುಂದೆ ಗಾಜು, ಧೂಳಿನ ಜಾಲರಿ ಬಂದರೆ ಅಷ್ಟು ಉಳಿಯಲ್ಲ. ಜಾಲರಿ ಇರುವ ಕಡೆಗೆ ಈಗ ನಾನು ನೋಡುವುದು ಸ್ಟ್ಯಾಟಿಕ್ ಪ್ರೆಶರ್, ಅಂದರೆ ಅಡ್ಡ ಇದ್ದರೂ ಗಾಳಿ ತಳ್ಳುವ ಒತ್ತಡ. ನೀರಿನ ಮಟ್ಟದ ಲೆಕ್ಕದಲ್ಲಿ 2 ಮಿಲಿಮೀಟರ್ ಆಸುಪಾಸು ಇರಬೇಕು. ಸೆಟ್‌ನಲ್ಲಿ ಮೇಲೆ ಅಡ್ಡ ಮಲಗಿಸಿ ಹಾಕಿದ್ದ ಫ್ಯಾನ್ ಗಣೇಶ ಚೌತಿಗೆ ಮುಂಚೆಯೇ ಕರಕರ ಶುರು ಮಾಡಿತು. ಎಣ್ಣೆ ಮೇಲೆ ತಿರುಗುವ ಸ್ಲೀವ್ ಬೇರಿಂಗ್, ಕೆಳಗಿಂದ ಬಿಸಿ ಗಾಳಿ, ಎಣ್ಣೆ ಒಣಗದೆ ಇನ್ನೇನು? ಉಳಿದದ್ದನ್ನು ಅರ್ಧ ಬೆಲೆಗೆ ಮಾರಿದೆ.

ಮಾರುವ ಮುಂಚೆ ಸುಮ್ನೆ ನಿಧಾನಕ್ಕೆ ಓಡುತ್ತವಾ ಅಂತ ಪವರ್ ಸಪ್ಲೈಯ ಹಳದಿ (12 ವೋಲ್ಟ್), ಕೆಂಪು (5 ವೋಲ್ಟ್) ವೈರ್ ನಡುವೆ ಕೊಟ್ಟು 7 ವೋಲ್ಟ್‌ನಲ್ಲಿ ಓಡಿಸಿ ನೋಡಿದೆ. ಕೆಲವು ಬೆಳಿಗ್ಗೆ ತಿರುಗಲೇ ಇಲ್ಲ, ಬೆರಳಿನಿಂದ ತಳ್ಳಬೇಕಿತ್ತು.

ಲೆಕ್ಕ ಇಷ್ಟೇ. ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅರ್ಧ ಮಾಡಿದರೆ ಗಾಳಿಯೂ ಅರ್ಧ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅದೇ ಫ್ಯಾನ್ ಇನ್ನೊಂದು ಸೇರಿಸಿದರೆ ಏರುವುದು 3 ಡೆಸಿಬಲ್. ಹಾಗಾಗಿ ಮುಂದೆ 140 ಮಿಲಿಮೀಟರ್ ಅಗಲದ ಫ್ಯಾನ್ ಎರಡು, ಹಿಂದೆ 120ರದು ಒಂದು. ಮೂರೂ ಪಿಡಬ್ಲ್ಯೂಎಂ (ಕಂಪ್ಯೂಟರೇ ವೇಗ ಹೊಂದಿಸುವ ಬಗೆ), 700-750 ಆರ್‌ಪಿಎಂ. ಮೂರಕ್ಕೆ ಮೂರು ಸಾವಿರದೊಳಗೆ ಮುಗಿಯಿತು.

ಮುಂದಿನ ಗಾಜು ತೆಗೆದು ಜಾಲರಿ ಹಾಕಿದೆ. ಹಿಂದೆ ಫ್ಯಾನಿನ ಜಾಗದಲ್ಲಿ ಒತ್ತಿ ಮಾಡಿದ ತಗಡಿನ ತೂತುಗಳಿದ್ದವಲ್ಲ, ಅದನ್ನೂ ಕತ್ತರಿಸಿ ತೆಗೆಸಿದೆ. ವೆಲ್ಡಿಂಗ್ ಅಂಗಡಿಯವನು ನೂರೈವತ್ತು ತೆಗೆದುಕೊಂಡ. ಸಿಳ್ಳೆ ಹೊಡೆದಂತಹ ಸದ್ದು ಅಲ್ಲೇ ನಿಂತಿತು. ಮದರ್ ಬೋರ್ಡ್ ಹೊರಗೆ ತೆಗೆದೇ ಕತ್ತರಿಸಿ, ಕಬ್ಬಿಣದ ಪುಡಿ ಬಿದ್ದರೆ ಕಥೆ ಮುಗಿದಂತೆ.

ಗಾಳಿ ಎಲ್ಲಿ ಹೋಗುತ್ತಿದೆ ಅಂತ ನೋಡಲು ಊದುಬತ್ತಿ ಹಚ್ಚಿದೆ. ದೇವರ ಕೋಣೆಯಿಂದ ಕದ್ದದ್ದು ಅಂತ ಮನೆಯವಳು ಬೈದಳು. ಮುಂದಿನಿಂದ ಬಂದ ಹೊಗೆ ಗ್ರಾಫಿಕ್ಸ್ ಕಾರ್ಡ್ ಮುಟ್ಟುವ ಮೊದಲೇ ಮೇಲಿನ ಕಿಂಡಿಯಿಂದ ಹಾರಿಹೋಗುತ್ತಿತ್ತು! ಮೇಲಿನ ಮುಂಭಾಗಕ್ಕೆ ರಟ್ಟು ಅಂಟಿಸಿದೆ. ಹಿಂದಿನಿಂದ ಹೊರಬಿದ್ದ ಹೊಗೆ ಗೋಡೆಗೆ ಬಡಿದು ಮತ್ತೆ ಒಳಗೇ ಬರುತ್ತಿತ್ತು, ಮೇಜನ್ನು ಒಂದು ಗೇಣು ಮುಂದೆಳೆದೆ. ಚೌಕಟ್ಟಿನ ಒಳಗೆ ಫೋಮ್ ಪಟ್ಟಿ ಎಲ್ಲೆಲ್ಲಿ ಇಟ್ಟೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ರೂಮು 33-34 ಡಿಗ್ರಿ ಇದ್ದಾಗ ಮೊದಲು ಕಾರ್ಡ್ 84ರ ಹತ್ತಿರ ಇರುತ್ತಿತ್ತು, ಈಗ 76-77. ಮಳೆಗಾಲದಲ್ಲಿ ಫಿಲ್ಟರ್ ಧೂಳು ಒದ್ದೆಯಾಗಿ ಅಂಟಿಕೊಳ್ಳುತ್ತದೆ, ಆಗಾಗ ತೊಳೆಯಲೇಬೇಕು. ಈಗ ಕೇಳುವುದು ಪವರ್ ಸಪ್ಲೈ ಫ್ಯಾನ್ ಒಂದೇ. ಅದರೊಳಗೆ ಕೆಪಾಸಿಟರ್ (ವಿದ್ಯುತ್ ಶೇಖರಿಸುವ ಭಾಗ) ಆಫ್ ಮಾಡಿದ ಮೇಲೂ ಚಾರ್ಜ್ ಹಿಡಿದಿರುತ್ತದೆ, ಅದನ್ನು ಬಿಚ್ಚಲ್ಲ. ದೀಪಾವಳಿ ಬೋನಸ್ ಬಂದರೆ ಹೊಸದೇ ತರುವೆ.