ಬುಧವಾರ ಸಂಜೆಯ ಆರಾಧನೆ: ನನ್ನ ಅನುಭವ

ಕಾಲೇಜು ಮಕ್ಕಳಿಗೆ ಪ್ರಸಂಗವೇ (ಬೋಧನೆಯೇ) ಇಲ್ಲದ ಆರಾಧನೆ ನಡೆಸುತ್ತೇನೆ ಎಂದಾಗ ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರು ಒಪ್ಪಿರಲಿಲ್ಲ. "ಬರೀ ಓದಿ ಹಾಡಿದ್ರೆ ಮಕ್ಕಳು ನಿಲ್ತಾರಾ?" ಎಂದರು. ನಾಲ್ಕೈದು ವರ್ಷವಾಯಿತು, ನಿಂತಿದ್ದಾರೆ. ಮಡಿಕೇರಿಯಲ್ಲಿ ಡಿಗ್ರಿ ಓದುವ 25-30 ಮಕ್ಕಳು ವಾರವಾರ ಬರುತ್ತಾರೆ. ಓದು ಮುಗಿಸಿ ಮೈಸೂರು, ಬೆಂಗಳೂರು ಸೇರಿದವರಲ್ಲಿ ಹೆಚ್ಚಿನವರು ಯಾರೂ ಹೇಳದೆಯೇ ಅಲ್ಲೊಂದು ಸಭೆ ಸೇರಿಕೊಂಡಿದ್ದಾರೆ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ನಾವು ಎಲ್ಲರಂತೆ ಭಾನುವಾರ ದೊಡ್ಡ ಯೌವನಸ್ಥರ ಕೂಟ ಇಟ್ಟು ನೋಡಿದ್ದೆವು. ಕೀಬೋರ್ಡ್, ಮೈಕ್ ಸೆಟ್ ಬಾಡಿಗೆ, ಹೊರಗಿನಿಂದ ಬಂದ ಪ್ರಸಂಗಿಯ ಪ್ರಯಾಣ, ಬಿರಿಯಾನಿ, ಎಲ್ಲ ಸೇರಿ ಒಂದು ಕೂಟಕ್ಕೇ 18 ಸಾವಿರದ ಹತ್ತಿರ ಹೋಯಿತು. ಹಾಲ್ ತುಂಬಿತ್ತು. ಮುಂದಿನ ತಿಂಗಳು ಬಿರಿಯಾನಿ ಇರಲಿಲ್ಲ, ಬಂದವರು ಬೆರಳೆಣಿಕೆಯಷ್ಟು. ಹಾಸ್ಟೆಲ್ ಮಕ್ಕಳು ಶನಿವಾರವೇ ಸುಂಟಿಕೊಪ್ಪ, ಸಿದ್ದಾಪುರ, ಪೊನ್ನಂಪೇಟೆಯ ಬಸ್ ಹತ್ತಿರುತ್ತಾರೆ. ಕಾಫಿ ಕೊಯ್ಲಿನ ಕಾಲದಲ್ಲಂತೂ ಮನೆಯ ಕೆಲಸ ಬಿಟ್ಟು ಬರುವಂತಿಲ್ಲ.

ಹಾಗಾಗಿ ಬುಧವಾರ ಸಂಜೆ 5ಕ್ಕೆ ಇಟ್ಟೆ. 35 ನಿಮಿಷ, ಒಂದು ನಿಮಿಷವೂ ಹೆಚ್ಚಿಲ್ಲ. ಹುಡುಗಿಯರು 6ಕ್ಕೆ ಹಾಸ್ಟೆಲ್ ಒಳಗಿರಬೇಕು. ಬೈಬಲ್‌ನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ, ಮೂರು ಹಾಡು, ಪ್ರಾರ್ಥನೆ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ಅಷ್ಟೇ. ನಡೆಸುವವರು ಮಕ್ಕಳೇ, ಸರದಿಯ ಮೇಲೆ. ನಾನು ಹಿಂದಿನ ಬೆಂಚಿನಲ್ಲಿ.

ಕೀರ್ತನೆಗಳನ್ನು ಆರಿಸಬೇಡಿ, ಕ್ರಮವಾಗಿ ಓದಿಸಿ. ಸಿಟ್ಟಿನವು, ಅಳುವಿನವು ಯಾವುದನ್ನೂ ಬಿಡಬೇಡಿ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಸೆಮಿಸ್ಟರ್‌ನಲ್ಲಿ ಮೂರು ವಿಷಯ ಉಳಿಸಿಕೊಂಡಿದ್ದ ಹುಡುಗನ ಸರದಿಗೆ ಅದು ಬಂತು. ಓದಿ ಮುಗಿಸಿ, "ಇದನ್ನೂ ದೇವರ ಮುಂದೆ ಹೇಳಬಹುದಾ ಸರ್?" ಎಂದ. ಹತ್ತು ಪ್ರಸಂಗ ಮಾಡದ ಕೆಲಸವನ್ನು ಆ ಓದು ಮಾಡಿತು. 119ನೆಯದರಲ್ಲಿ 176 ವಚನ. ಎಂಟೆಂಟು ವಚನದ 22 ಭಾಗಗಳಾಗಿ ಹಂಚಿದೆ, ಎಲ್ಲರ ಬಾಯಿಗೂ ಬಂತು.

ವಿರಾಜಪೇಟೆ ಕಡೆಯ ಕಥೋಲಿಕ ಮಕ್ಕಳೂ ಬರುತ್ತಾರೆ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಕಾಲದಲ್ಲಿ, 1792ರಲ್ಲಿ, ಶುರುವಾದ ಸಂತ ಅನ್ನಮ್ಮನವರ ದೇವಾಲಯದವರು. ಬಲಿಪೂಜೆಯಲ್ಲಿ (ಕಥೋಲಿಕರ ಮಾಸ್ ಆರಾಧನೆಯಲ್ಲಿ) ಒಬ್ಬರು ಚರಣ ಹೇಳಿ ಉಳಿದವರು ಪಲ್ಲವಿ ಹಾಡುವುದು ಅವರಿಗೆ ರೂಢಿ. ನಮ್ಮ ಒಣ ಓದಿಗೆ ಜೀವ ಬಂದದ್ದು ಅದನ್ನು ಅವರಿಂದ ಕಲಿತ ಮೇಲೆ.

ಇನ್ನೊಂದು ಪ್ರಯೋಗ, ಹಾಡಿನದು. ಮೂರರಲ್ಲಿ ಒಂದು ಹಾಡನ್ನು ಅವರವರ ಅಜ್ಜಿಯಿಂದ ಕಲಿತು ತರಬೇಕು. ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳಿಂದ ತಮಿಳು, ಮಲಯಾಳಂ ಹಾಡುಗಳು ಬಂದವು, ಕೊಂಕಣಿ ಬಂತು. ಬಾಸೆಲ್ ಮಿಶನ್‌ನ ಪಾದ್ರಿ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಬಂದ ಮೇಲೆ ಬೆಳೆದ ಆನಂದಪುರದ ಕಡೆಯಿಂದ ಹಳೆಯ ಕನ್ನಡ ಸಂಗೀತಗಳು (ಕ್ರೈಸ್ತ ಭಕ್ತಿಗೀತೆಗಳು) ಬಂದವು. ಒಬ್ಬಳ ಅಜ್ಜಿಗೆ ಓದು ಬಾರದು, ಚರಣಗಳೆಲ್ಲ ಬಾಯಿಪಾಠ. ಆ ಮಗು ರಜೆಯಲ್ಲಿ ಮನೆಗೆ ಹೋಗಿ ಅಜ್ಜಿಯ ಜೊತೆ ಪ್ರಾರ್ಥನೆಗೆ ಕೂರಲು ಶುರುಮಾಡಿದಳು. ನನಗೆ ಬೇಕಾಗಿದ್ದುದು ಇದೇ.

ಮಳೆಗಾಲದ ವಿಷಯ: ಜುಲೈಯಲ್ಲಿ ಹಾರ್ಮೋನಿಯಂ ರೀಡು ಕಚ್ಚಿಕೊಳ್ಳುತ್ತದೆ, ಗಿಟಾರ್ ತಂತಿ ತುಕ್ಕು. ಎರಡನ್ನೂ ಅಲಮಾರಿಯಲ್ಲಿಟ್ಟು, ತಾಗದಷ್ಟು ದೂರದಲ್ಲಿ 40 ವಾಟಿನ ಹಳೇ ಬಲ್ಬ್ ಉರಿಸುತ್ತೇನೆ. ಕರೆಂಟು ಹೋದರೆ ವಾದ್ಯವಿಲ್ಲದೆ ಹಾಡುತ್ತೇವೆ.

ಎರಡು ವಾರ ಬಾರದವರನ್ನು ಮರಳಿ ಕರೆತರಲು ನನ್ನದೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಸಿಕ್ಕಾಗ ಕೇಳಿ. ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ರಜೆ, ಪರೀಕ್ಷೆ ಕಳೆದರೆ ವರ್ಷಕ್ಕೆ 28-30 ಬುಧವಾರ ಸಿಗುತ್ತವೆ. ಜೆರಾಕ್ಸ್, ತಂತಿ, ಮೇಣದಬತ್ತಿ ಎಲ್ಲ ಸೇರಿ 2 ಸಾವಿರ ದಾಟಿಲ್ಲ. ಅದನ್ನೂ ಈಗ ಮಕ್ಕಳ ಕಾಣಿಕೆಯೇ ಭರಿಸುತ್ತಿದೆ.